ಬೆಳ್ಳಿತೆರೆಯ ಯೇಸುಸ್ವಾಮಿ



ಈಸ್ಟರ್ ಹತ್ತಿರ ಬಂತೆಂದರೆ ಇಲ್ಲಿ ಅಮೆರಿಕದಲ್ಲಿ ಟಿವಿ ತುಂಬ ಯೇಸುವಿನ ಸಿನಿಮಾಗಳು. ನಮ್ಮ ಸಂಘದಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟೇ. ಧಾರವಾಡದ ಕಡೆಯಿಂದ ಬಂದ ನಮ್ಮದು ಅವುಗಳಲ್ಲೊಂದು. ಪ್ರತಿ ವರ್ಷ ಮನೆಮಂದಿಯೆಲ್ಲ ಕೂತು ಒಂದೆರಡು ಚಿತ್ರಗಳನ್ನಾದರೂ ನೋಡುತ್ತೇವೆ, ಆಮೇಲೆ ಊಟಕ್ಕೆ ಕೂತಾಗ ವಾದಕ್ಕೆ ಇಳಿಯುತ್ತೇವೆ. ವಾದ ಭಕ್ತಿಯ ಬಗ್ಗೆ ಅಲ್ಲ, ಮುಖದ ಬಗ್ಗೆ.

1961ರ ‘ಕಿಂಗ್ ಆಫ್ ಕಿಂಗ್ಸ್’ನಲ್ಲಿ ಯೇಸುವಾದ ಜೆಫ್ರಿ ಹಂಟರ್‌ಗೆ ನೀಲಿ ಕಣ್ಣು. 1965ರ ‘ದಿ ಗ್ರೇಟೆಸ್ಟ್ ಸ್ಟೋರಿ ಎವರ್ ಟೋಲ್ಡ್’ನಲ್ಲಿ ಸ್ವೀಡನ್ನಿನ ಮ್ಯಾಕ್ಸ್ ವಾನ್ ಸಿಡೋ; ಯೇಸು ನಡೆದಾಡಿದ ನಾಡಿನ ಬದಲು ಯೂಟಾ, ಅರಿಝೋನಾಗಳ ಬಂಡೆಗಳು! 1977ರ ‘ಜೀಸಸ್ ಆಫ್ ನಜರೆತ್’ ಎಂಬ ಟಿವಿ ಚಿತ್ರದಲ್ಲಿ ಇಂಗ್ಲೆಂಡಿನ ರಾಬರ್ಟ್ ಪೊವೆಲ್, ಮತ್ತೆ ಅದೇ ನೀಲಿ ಕಣ್ಣು.

ನಟ ದೇವರಾಗುವುದು, ಗುರುವಾಗುವುದು ನಮ್ಮವರಿಗೇನೂ ಹೊಸದಲ್ಲ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಜಕುಮಾರ್ ರಾಯರಾದದ್ದನ್ನು ನಿಮ್ಮಲ್ಲಿ ಅನೇಕರು ಕೈಮುಗಿದು ನೋಡಿದ್ದೀರಿ. ಯಕ್ಷಗಾನದ ಕೃಷ್ಣ ರಂಗಕ್ಕೆ ಬಂದಾಗ ಅದು ವೇಷ ಎಂದು ಮಕ್ಕಳಿಗೂ ಗೊತ್ತು. ಕೃಷ್ಣ ನಿಜಕ್ಕೂ ಹೀಗೇ ಇದ್ದ ಎಂದು ಯಾರೂ ಸಾಧಿಸಹೋಗುವುದಿಲ್ಲ. ಇಲ್ಲಿನ ಚಿತ್ರಗಳ ರೀತಿ ಬೇರೆ. ಹಳೆಯ ಊರು, ಹಳೆಯ ಬಟ್ಟೆ, ರೋಮನ್ನರ ಈಟಿ ಎಲ್ಲವನ್ನೂ ತಂದು ನಿಲ್ಲಿಸಿ ‘ನಡೆದದ್ದು ಹೀಗೆಯೇ’ ಎನ್ನುತ್ತವೆ. ಹಾಗೆಂದ ಮೇಲೆ ಆ ನೀಲಿ ಕಣ್ಣೂ ಇತಿಹಾಸವಾಗಿಬಿಡುತ್ತದೆ.

ಅದರಿಂದೇನು ನಷ್ಟ ಎನ್ನುತ್ತೀರಾ? ನಮ್ಮ ಮಗಳು ಆರು ವರ್ಷದವಳಿದ್ದಾಗ, ಒಂದು ಚರ್ಚಿನ ಸಂಡೇ ಸ್ಕೂಲಿನಲ್ಲಿ ಯೇಸುವಿನ ಚಿತ್ರಕ್ಕೆ ಕಂದು ಬಣ್ಣ ಹಚ್ಚಿದಳು. ಕಲಿಸುವಾಕೆ ಪ್ರೀತಿಯಿಂದಲೇ ಆ ಕ್ರೇಯಾನ್ ತೆಗೆದಿಟ್ಟು ತೆಳು ಗುಲಾಬಿಯದೊಂದನ್ನು ಕೊಟ್ಟರಂತೆ. ಮನೆಗೆ ಬಂದು ಮಗು ಕೇಳಿತು: “ಅಜ್ಜಿ ಪ್ರಾರ್ಥನೆ ಮಾಡೋ ಯೇಸುಸ್ವಾಮಿ ಬೇರೆಯವರಾ?” ಅದೇ ವರ್ಷ ಪಕ್ಕದ ಮನೆಯವರು, ಅಮೆರಿಕಕ್ಕೆ ಬಂದ ಮೇಲೆ ಕ್ರೈಸ್ತರಾದಿರಾ ಎಂದು ವಿಚಾರಿಸಿದ್ದರು. ಆ ಅಜ್ಜಿಯ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಕನ್ನಡ ಬೈಬಲ್ ಇದೆ!

ಅಜ್ಜಿಯ ಮಾತು ಬಂತು, ಹೇಳಿಬಿಡುತ್ತೇವೆ. ಲೂಕನ ಸುವಾರ್ತೆಯನ್ನು ಆಧರಿಸಿದ 1979ರ ‘ಜೀಸಸ್’ ಚಿತ್ರ ನೂರಾರು ಭಾಷೆಗಳಿಗೆ ಡಬ್ ಆಗಿದೆ, ಕನ್ನಡಕ್ಕೂ. ರಜಕ್ಕೆ ಊರಿಗೆ ಹೋಗಿದ್ದಾಗ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಚಾಪೆ ಹಾಸಿಕೊಂಡು ನಾವೂ ಕೂತೆವು. ಯೇಸುವಾದವರು ಇಂಗ್ಲೆಂಡಿನ ಬ್ರಯನ್ ಡೀಕನ್, ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ನಾವು ಗೊಣಗಿದೆವು. ಅಜ್ಜಿ ಕಣ್ಣೊರೆಸಿಕೊಂಡು, “ಮಾರಿ ಯಾರ್ದರ ಇರ್ಲಿ, ಮಾತು ನಮ್ದ ಐತಿ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮುಖದ ತಂಟೆಗೇ ಹೋಗದೆ ಗೆದ್ದ ಚಿತ್ರವೆಂದರೆ 1959ರ ‘ಬೆನ್-ಹರ್’. ಸಂಕೋಲೆ ತೊಟ್ಟ ಕೈದಿಗಳನ್ನು ನಜರೇತಿನ ಬಾವಿಯ ಬಳಿ ತಂದು ನಿಲ್ಲಿಸಿದ್ದಾರೆ. ಬೆನ್-ಹರ್‌ಗೆ ಮಾತ್ರ ನೀರು ಕೊಡಕೂಡದೆಂದು ರೋಮನ್ ಅಧಿಕಾರಿಯ ಅಪ್ಪಣೆ. ಅವನು ನೆಲಕ್ಕೆ ಬಿದ್ದಾಗ ಯಾರೋ ಬಂದು ನೀರು ಕುಡಿಸುತ್ತಾರೆ. ನಮಗೆ ಕಾಣುವುದು ಕೈ, ಕೂದಲು, ಬೆನ್ನು ಅಷ್ಟೇ. ಅಧಿಕಾರಿ ಗದರಿಸುತ್ತ ಬರುತ್ತಾನೆ. ಆ ವ್ಯಕ್ತಿ ಎದ್ದು ನಿಂತು ಸುಮ್ಮನೆ ನೋಡುತ್ತಾರೆ. ಅಧಿಕಾರಿಯ ಮುಖ ಸಪ್ಪಗಾಗುತ್ತದೆ, ತಿರುಗುತ್ತಾನೆ, ಮತ್ತೆ ನೋಡುತ್ತಾನೆ, ಹಿಂದೆ ಸರಿಯುತ್ತಾನೆ. ಅವನು ಕಂಡದ್ದೇನು ಎಂಬುದು ನೋಡುವವರಿಗೆ ಬಿಟ್ಟದ್ದು. ಅಜ್ಜಿ ಅಲ್ಲಿ ತಮ್ಮ ಯೇಸುವನ್ನು ಕಾಣಬಹುದು, ಮಗಳು ತನ್ನ ಕಂದು ಬಣ್ಣದವರನ್ನು.

ಮೆಲ್ ಗಿಬ್ಸನ್ನರ 2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ನಲ್ಲಿ ನಟ ಜಿಮ್ ಕವೀಜಲ್‌ರ ನೀಲಿ ಕಣ್ಣನ್ನು ಕಂಪ್ಯೂಟರಿನಿಂದ ಕಂದಾಗಿಸಿದರು, ಅರಾಮಿಕ್‌ನಲ್ಲಿ ಮಾತಾಡಿಸಿದರು. ಸಂತೋಷ. ಆದರೆ ಚಾಟಿಯೇಟಿನ ನಡುವೆ ಆ ಮನುಷ್ಯ ಏನು ಬೋಧಿಸಿದರೆಂಬುದೇ ಮರೆತುಹೋಗುತ್ತದೆ. 2019ರಲ್ಲಿ ಶುರುವಾದ ‘ದಿ ಚೋಸನ್’ ಧಾರಾವಾಹಿಯ ಜೊನಾಥನ್ ರೂಮಿ ನಗುತ್ತಾರೆ, ಮಕ್ಕಳೊಡನೆ ಹರಟುತ್ತಾರೆ. ಈಗ ಕಾಲೇಜಿನಲ್ಲಿರುವ ಮಗಳಿಗೆ ಅದೇ ಇಷ್ಟ. ಮಾತು ತುಸು ಹೆಚ್ಚಾಯಿತೆಂದು ನಮ್ಮ ದೂರು.

ನಮ್ಮ ಓಟು ಇಟಲಿಯ ಪಾಸೋಲಿನಿಯ 1964ರ ಕಪ್ಪು-ಬಿಳುಪು ಚಿತ್ರಕ್ಕೆ. ಮತ್ತಾಯನ ಸುವಾರ್ತೆಯೇ ಅದರ ಕಥೆ. ಯೇಸುವಾದವನು ಸ್ಪೇನಿನ ಒಬ್ಬ ವಿದ್ಯಾರ್ಥಿ, ಮುದಿ ಮರಿಯಳಾದವರು ನಿರ್ದೇಶಕನ ಸ್ವಂತ ತಾಯಿ, ಸುತ್ತ ಬಿಸಿಲಿಗೆ ಒಣಗಿದ ಹಳ್ಳಿಯ ಮುಖಗಳು. ನಮ್ಮ ಸಂತೆಯಲ್ಲೂ ಕಾಣುವಂಥವು. ತೆಗೆದಾತ ನಾಸ್ತಿಕನೆಂದು ಹೆಸರಾದವನು ಎಂಬುದು ಬೇರೆ ಮಾತು!

ಅದರ ಡಿವಿಡಿ ನಮ್ಮ ಮನೆಯಲ್ಲಿದೆ. ಬೇಕಾದವರು ಮುಂದಿನ ಪಾಟ್‌ಲಕ್ಕಿನಲ್ಲಿ ಕೇಳಿ ಪಡೆಯಬಹುದು. ‘ಬೆನ್-ಹರ್’ ಒಯ್ದವರು ಮಾತ್ರ ದಯವಿಟ್ಟು ಹಿಂದಿರುಗಿಸಿ.