ಅಮ್ಮನ ದಿಂಬಿಗೆ ಎರಡು ತೊಟ್ಟು

ಎಣ್ಣೆಯ ಮಟ್ಟಿಗೆ ನಮ್ಮ ಮನೆ ಎಂದೂ ಬಡವಾಗಿರಲಿಲ್ಲ. ಶನಿವಾರದ ಅಭ್ಯಂಜನಕ್ಕೆ ಹರಳೆಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ನೆಗಡಿಗೆ ನೀಲಗಿರಿ ಎಣ್ಣೆ, ಈ ಮೂರು ಸೀಸೆಗಳು ದೆಹಲಿಯ ಸರಕಾರಿ ಕ್ವಾರ್ಟರ್ಸಿನ ನಮ್ಮ ಗೋಡೆಗೂಡಿನಲ್ಲಿ ಇಪ್ಪತ್ತು ವರ್ಷದಿಂದ ಅಕ್ಕಪಕ್ಕ ನಿಂತಿವೆ. ಊಟಿಯ ಕಡೆ ಪ್ರವಾಸ ಹೋದ ನಮ್ಮ ನೆಂಟರಲ್ಲಿ ಯಾರೊಬ್ಬರೂ ನೀಲಗಿರಿ ಎಣ್ಣೆ ತಾರದೆ ಬಂದದ್ದಿಲ್ಲ. ಹೀಗಾಗಿ ಹಳೆಯದು ಮುಗಿಯುವ ಮೊದಲೇ ಹೊಸದು ಬಂದು ಕೂತಿರುತ್ತದೆ. ಈ ಸಾಲಿಗೆ 2024ರ ನವೆಂಬರಿನಲ್ಲಿ ನಾಲ್ಕನೆಯದೊಂದು ಸೇರಿತು. ಲ್ಯಾವೆಂಡರ್ ಎಣ್ಣೆ. ಹತ್ತು ಮಿಲಿಲೀಟರಿನ ಕಂದುಬಣ್ಣದ ಪುಟ್ಟ ಸೀಸೆ, ಬೆಲೆ ಮುನ್ನೂರೈವತ್ತು ರೂಪಾಯಿ. "ಇಷ್ಟರಲ್ಲಿ ಒಂದು ಕಿಲೋ ಕೊಬ್ಬರಿ ಎಣ್ಣೆ ಬರುತ್ತಿತ್ತಲ್ಲ" ಎಂದು ನಮ್ಮಾಕೆ ಅಂದದ್ದು ಸಹಜವೇ.

ಈ ಹೂವಿನ ಪರಿಚಯ ನಮಗೆ ಆದದ್ದು ರಾಜಪಥದಲ್ಲಿ, ಅಂದರೆ ಈಗಿನ ಕರ್ತವ್ಯಪಥದಲ್ಲಿ. 2024ರ ಗಣರಾಜ್ಯೋತ್ಸವದ ಪರೇಡಿಗೆ ಕಚೇರಿಯಲ್ಲಿ ಎರಡು ಪಾಸು ಸಿಕ್ಕಿದ್ದವು. ಚಳಿಯಲ್ಲಿ ನಡುಗುತ್ತ ಕುಳಿತಿದ್ದಾಗ ಸಿ.ಎಸ್.ಐ.ಆರ್. ಸಂಸ್ಥೆಯ ಸ್ತಬ್ಧಚಿತ್ರ ಸಾಗಿ ಬಂತು: ನೇರಳೆ ಬಣ್ಣದ ಹೊಲ, ಹೂ ಬಿಡಿಸುವ ಹೆಂಗಸರು, ಜೊತೆಗೊಂದು ವಿದ್ಯುತ್ ಟ್ರ್ಯಾಕ್ಟರು. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಮುಸುಕಿನ ಜೋಳ ಬೆಳೆಯುತ್ತಿದ್ದ ರೈತರು ಲ್ಯಾವೆಂಡರಿಗೆ ತಿರುಗಿದ ಕಥೆ ಅದು. ಜಮ್ಮುವಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಇಂಟಿಗ್ರೇಟಿವ್ ಮೆಡಿಸಿನ್ ಸಸಿಯನ್ನೂ ಭಟ್ಟಿಯನ್ನೂ ಒದಗಿಸಿತು. ಜನ ಇದಕ್ಕೆ ನೇರಳೆ ಕ್ರಾಂತಿ ಎಂದು ಹೆಸರಿಟ್ಟಿದ್ದಾರೆ. ಅದೇ ವರ್ಷ ಪ್ರಗತಿ ಮೈದಾನದ ವ್ಯಾಪಾರ ಮೇಳದಲ್ಲಿ ಜಮ್ಮು-ಕಾಶ್ಮೀರದ ಮಳಿಗೆಯ ಮುಂದೆ ಹಾದಾಗ ಆ ಸೀಸೆಗಳು ಕಂಡವು. ಕೊಂಡದ್ದು ಮಾತ್ರ ದೇಶಾಭಿಮಾನದಿಂದಲ್ಲ, ಅಮ್ಮನಿಗಾಗಿ.

ಅಮ್ಮನಿಗೆ ಎಪ್ಪತ್ತನಾಲ್ಕು. ಅಪ್ಪ ತೀರಿಕೊಂಡ ಮೇಲೆ ಅರಸೀಕೆರೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದವರು. ಬಂದ ದಿನದಿಂದ ನಿದ್ದೆ ಇಲ್ಲ. ರಾತ್ರಿ ಹತ್ತಕ್ಕೆ ದೀಪ ಆರಿಸಿದರೆ, ಹನ್ನೆರಡಕ್ಕೂ ಅವರ ಕೋಣೆಯಿಂದ ಬಳೆಯ ಸದ್ದು ಕೇಳುತ್ತಿತ್ತು. ಡಿಸ್ಪೆನ್ಸರಿಯ ಡಾಕ್ಟರು ಒಂದು ಸಣ್ಣ ನಿದ್ದೆಗುಳಿಗೆ ಬರೆದುಕೊಟ್ಟರು. ನಿದ್ದೆಯೇನೋ ಬಂತು, ಅದರೊಂದಿಗೆ ಹಗಲೆಲ್ಲ ತೂಕಡಿಕೆ, ನಡೆಯುವಾಗ ಓಲಾಟ. ಸೆಪ್ಟೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಎದ್ದವರು ಹೊಸ್ತಿಲ ಬಳಿ ಬಿದ್ದರು. ಸೊಂಟದ ಮೂಳೆ ಉಳಿದದ್ದು ದೇವರ ದಯೆ. ಮುಂಗೈ ಮಾತ್ರ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರಿನಲ್ಲಿತ್ತು. "ಈ ವಯಸ್ಸಿನಲ್ಲಿ ಈ ಜಾತಿಯ ಗುಳಿಗೆ ಬಹಳ ದಿನ ಬೇಡ. ಆದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ಇಳಿಸುತ್ತ ಬರೋಣ" ಎಂದು ಡಾಕ್ಟರು ಹೇಳಿದರು. ಗುಳಿಗೆ ಇಳಿದರೆ ರಾತ್ರಿ ಹೇಗೆ ಕಳೆಯುವುದು? ನಮ್ಮ ಮನೆಯ ಪ್ರಶ್ನೆ ಅದಾಗಿತ್ತು.

ನಾವು ಹಾಸನದಲ್ಲಿ ಬಿ.ಎಸ್ಸಿ. ಓದಿದವರು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಫೈಲುಗಳ ಧೂಳಿನಲ್ಲಿ ಅದೆಲ್ಲ ಮುಚ್ಚಿಹೋಗಿದ್ದರೂ, ಒಂದು ಸೀಸೆ ಕೈಗೆ ಬಂದರೆ ಒಳಗೇನಿದೆ ಎಂದು ಕೇಳುವ ಚಟ ಉಳಿದಿದೆ. ಲ್ಯಾವೆಂಡರಿನ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎರಡೇ ಪದಾರ್ಥ: ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಈ ಲಿನಲೂಲ್ ನಮಗೆ ಅಪರಿಚಿತವೇನಲ್ಲ. ಸಾರಿನ ಪುಡಿಗೆ ಹುರಿಯುವ ಕೊತ್ತಂಬರಿ ಬೀಜದ ಪರಿಮಳದಲ್ಲಿ ಬಹುಪಾಲು ಅದೇ, ಕಾಮಕಸ್ತೂರಿಯಲ್ಲೂ ಅದಿದೆ. ಈ ವಿಷಯ ಹೇಳಿದಾಗ ನಮ್ಮಾಕೆ, "ಹಾಗಾದರೆ ದಿಂಬಿನಡಿ ಒಂದು ಹಿಡಿ ಧನಿಯ ಇಟ್ಟರೆ ಸಾಲದೆ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಾದರೂ ಪ್ರಶ್ನೆ ಕೆಟ್ಟದ್ದಲ್ಲ. ಬೀಜದಲ್ಲಿ ಎಣ್ಣೆ ಇರುವುದೇ ಅತ್ಯಲ್ಪ, ಅದೂ ಸಿಪ್ಪೆಯೊಳಗೆ. ಅದನ್ನು ಹೊರತೆಗೆಯಲು ಹಬೆ ಬೇಕು.

ಹಬೆಯ ಭಟ್ಟಿಯ ವಿಷಯ ಮೈಸೂರು ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಕೊರಡುಗಳು ಯೂರೋಪಿಗೆ ಹೋಗುವ ದಾರಿ ಕಟ್ಟಿದಾಗ, 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆಯ ಕಾರ್ಖಾನೆ ಎದ್ದಿತಲ್ಲ. ಕೆಲಸದ ಮರ್ಮ ಅದೇ. ಹೂಗೊಂಚಲುಗಳ ನಡುವೆ ಹಬೆ ಹಾಯಿಸಿದರೆ ಅದು ಎಣ್ಣೆಯ ಆವಿಯನ್ನು ಹೊತ್ತು ಬರುತ್ತದೆ. ತಣ್ಣಗಾದ ಮೇಲೆ ನೀರು ಕೆಳಗೆ, ಎಣ್ಣೆ ಮೇಲೆ. ನೂರು ಕಿಲೋ ಹಸಿ ಹೂವಿಗೆ ಒಂದು ಕಿಲೋ ಆಸುಪಾಸು ಎಣ್ಣೆ ಬಂದರೆ ಪುಣ್ಯ. ಮುನ್ನೂರೈವತ್ತು ರೂಪಾಯಿಯ ಲೆಕ್ಕ ಹೀಗೆ ಹೇಳಿದ ಮೇಲೆ ನಮ್ಮಾಕೆ ಒಪ್ಪಿದಳು, ಪೂರ್ತಿಯಾಗಿ ಅಲ್ಲ.

ಕೊಳ್ಳುವವರಿಗೆ ಒಂದು ಮಾತು. ಚೀಟಿಯ ಮೇಲೆ ಲಾವಾಂಡುಲಾ ಅಂಗುಸ್ಟಿಫೋಲಿಯಾ ಎಂಬ ಸಸ್ಯನಾಮ ಇದೆಯೇ ನೋಡಿ. ಲ್ಯಾವೆಂಡಿನ್ ಎಂಬ ಮಿಶ್ರತಳಿಯ ಎಣ್ಣೆ ಅಗ್ಗ, ಆದರೆ ಅದರಲ್ಲಿ ಕರ್ಪೂರದ ಅಂಶ ಹೆಚ್ಚು. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟು ಮರುದಿನ ನೋಡಿ. ಅಡಿಗೆ ಎಣ್ಣೆ ಬೆರೆಸಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಕಾರ್ಖಾನೆಯ ಲಿನಲೂಲ್ ಬೆರೆಸಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಅದಕ್ಕೆ ಪ್ರಯೋಗಶಾಲೆಯೇ ಬೇಕು.

ಈ ಎಣ್ಣೆಯ ಹಿಂದೆ ಒಂದು ಪುರಾಣವೂ ಇದೆ. ಗ್ಯಾಟ್‌ಫೊಸ್ಸೆ ಎಂಬ ಫ್ರೆಂಚ್ ರಸಾಯನಜ್ಞ ಕೈ ಸುಟ್ಟುಕೊಂಡು ಪಕ್ಕದ ಲ್ಯಾವೆಂಡರ್ ಎಣ್ಣೆಯ ಪಾತ್ರೆಗೆ ಅದ್ದಿದ, ಕೂಡಲೇ ಗುಣವಾಯಿತು ಎಂದು ಮಾರುವವರೆಲ್ಲ ಹೇಳುತ್ತಾರೆ. ಆತ ಬರೆದುಕೊಂಡದ್ದು ಬೇರೆ. 1910ರಲ್ಲಿ ಪ್ರಯೋಗಶಾಲೆಯ ಸ್ಫೋಟದಲ್ಲಿ ಮೈಗೆ ಬೆಂಕಿ ಹತ್ತಿ, ಹುಲ್ಲಿನ ಮೇಲೆ ಹೊರಳಿ ಆರಿಸಿಕೊಂಡ. ಆಮೇಲೆ ಗಾಯ ಕೊಳೆಯತೊಡಗಿದಾಗ ಲ್ಯಾವೆಂಡರಿನಿಂದ ತೊಳೆದದ್ದು. ಅರೋಮಾಥೆರಪಿ ಎಂಬ ಶಬ್ದ ಅವನದೇ, 1937ರ ಅವನ ಪುಸ್ತಕದ ಹೆಸರೂ ಅದೇ. ಸುಟ್ಟ ಗಾಯಕ್ಕೆ ನಾವಂತೂ ತಣ್ಣೀರನ್ನೇ ನಂಬುತ್ತೇವೆ.

ಇರಲಿ, ಅಮ್ಮನ ಕಥೆಗೆ ಬರೋಣ. ಮೊದಲ ದಿನ ಹತ್ತಿಯ ಉಂಡೆಗೆ ಎರಡು ತೊಟ್ಟು ಬಿಟ್ಟು ದಿಂಬಿನ ಪಕ್ಕ ಇಟ್ಟೆವು. ಅಮ್ಮ ಮೂಸಿ, "ಇದು ಯಾರ್ಡ್ಲಿ ಪೌಡರ್ ಕಣೋ" ಅಂದರು. ಮದುವೆಯಲ್ಲಿ ಬೊಂಬಾಯಿಯ ಸೋದರಮಾವ ತಂದುಕೊಟ್ಟ ಡಬ್ಬಿಯಂತೆ. ಪೌಡರ್ ಮುಗಿದ ಮೇಲೆ ಖಾಲಿ ಡಬ್ಬಿಯನ್ನು ಸೀರೆಗಳ ನಡುವೆ ಇಟ್ಟಿದ್ದರಂತೆ, ವರ್ಷಗಟ್ಟಲೆ. ಮೂಗಿನಿಂದ ಹೊರಟ ನರಗಳು ಮಿದುಳಿನಲ್ಲಿ ನೆನಪು, ಭಯ, ಅಕ್ಕರೆಗಳ ಮನೆಗೆ ಹತ್ತಿರದ ದಾರಿಯಲ್ಲೇ ಹೋಗಿ ಸೇರುತ್ತವೆ ಎಂದು ಕಾಲೇಜಿನಲ್ಲಿ ಉರು ಹೊಡೆದಿದ್ದೆವು. ಅದು ಹೇಗಿರುತ್ತದೆ ಎಂದು ಆ ರಾತ್ರಿ ಕಂಡಿತು. ಮದುವೆಯ ಕಥೆ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ನಿದ್ದೆ ಬಂದದ್ದು ನಮಗೆ.

ಎರಡನೆಯ ವಾರದಿಂದ ನಮ್ಮಾಕೆ ಪಾದಕ್ಕೆ ತಿಕ್ಕಲು ಶುರುಮಾಡಿದಳು. ಈ ಎಣ್ಣೆಯನ್ನು ಹಾಗೇ ಚರ್ಮಕ್ಕೆ ಹಚ್ಚಬಾರದು. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಒಂದು ತೊಟ್ಟು, ವಯಸ್ಸಾದವರ ಚರ್ಮಕ್ಕೆ ಅಷ್ಟು ಸಾಕು. ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಬೇಕು. ತಿಕ್ಕಿದ ಮೇಲೆ ಅಂಗಾಲನ್ನು ಟವೆಲಿನಿಂದ ಚೆನ್ನಾಗಿ ಒರಸಿ. ಒಮ್ಮೆ ಬಿದ್ದವರ ಪಾದಕ್ಕೆ ಎಣ್ಣೆ ಹಚ್ಚಿ ಮೊಸಾಯಿಕ್ ನೆಲದ ಮೇಲೆ ಬಿಡುವುದು ಎಂಥ ಅಪಾಯ! ಸೀಸೆಯ ಬಿರಡೆ ಭದ್ರವಾಗಿರಲಿ, ತಂಪು ಕತ್ತಲೆಯಲ್ಲಿರಲಿ; ಗಾಳಿ ತಾಗಿ ಹಳತಾದ ಲಿನಲೂಲ್ ಚರ್ಮಕ್ಕೆ ತುರಿಕೆ ತರುತ್ತದೆ. ಮಗನಿಗೆ ಚಳಿಗಾಲದಲ್ಲಿ ಉಬ್ಬಸ ಇರುವುದರಿಂದ ಕೋಣೆ ತುಂಬ ಹಬೆಯಾಡಿಸುವ ಯಂತ್ರದ ಗೋಜಿಗೆ ನಾವು ಹೋಗಲಿಲ್ಲ. ದೆಹಲಿಯ ಡಿಸೆಂಬರಿನ ಗಾಳಿಗೆ ಇನ್ನೇನನ್ನೂ ಸೇರಿಸಬೇಕಾಗಿಲ್ಲ.

ಎದುರುಮನೆಯ ಆಂಟೀಜಿ ಒಳ್ಳೆಯವರು. ಪರಿಮಳ ಮೂಗಿಗೆ ಬಿದ್ದು ಬಂದವರು, "ಹಾಲಿಗೆ ನಾಲ್ಕು ಹನಿ ಹಾಕಿ ಕುಡಿಸಿ, ಗುಳಿಗೆ ನಾಳೆಯೇ ಬಿಸಾಡಿ" ಎಂದು ಅಮ್ಮನಿಗೆ ಹೇಳಿಹೋದರು. ಅಮ್ಮನಿಗೆ ಈ ಮಾತು ಬಹಳ ಹಿಡಿಸಿತು. ಗುಳಿಗೆ ಎಂದರೆ ಅವರಿಗೆ ಮೊದಲಿಂದ ಅಷ್ಟಕ್ಕಷ್ಟೆ. ಮೂರು ದಿನ ಮನೆಯಲ್ಲಿ ಇದೇ ವಾದ. ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯ ಗುಳಿಗೆ ಇದೆ, ನಿಜ. ಅದು ಎಂಬತ್ತು ಮಿಲಿಗ್ರಾಂ ಎಂದು ಅಳೆದು, ಪರೀಕ್ಷಿಸಿ ಮಾಡಿದ ಔಷಧಿ. ಮೇಳದ ಸೀಸೆ ಅದಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು: ನಮ್ಮ ಹಳೆಯ ನೆಂಟನಾದ ನೀಲಗಿರಿ ಎಣ್ಣೆಯೇ ಆಗಲಿ, ಕರ್ಪೂರವೇ ಆಗಲಿ, ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು. ನಾಲ್ಕೂ ಸೀಸೆಗಳನ್ನು ಆಗಲೇ ಮೇಲಿನ ಗೂಡಿಗೆ ಏರಿಸಿದೆವು. ಗುಳಿಗೆಯ ವಿಷಯದಲ್ಲಿ ಅಮ್ಮನನ್ನು ಒಪ್ಪಿಸಿದ್ದು ನಮ್ಮ ಬಿ.ಎಸ್ಸಿ. ಅಲ್ಲ, ಸೊಸೆ. "ಅತ್ತೆ, ನೀವು ಇನ್ನೊಂದು ಸಲ ಬಿದ್ದರೆ ನಾನು ಕೆಲಸ ಬಿಡಬೇಕಾಗುತ್ತೆ" ಎಂದಳು, ಅಷ್ಟೆ.

ಗುಮಾಸ್ತರಾದ ನಾವು ಕಚೇರಿಯ ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಲೆಕ್ಕ ಇಟ್ಟೆವು. ಎಣ್ಣೆ ತರುವ ಮೊದಲಿನ ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಹನ್ನೆರಡು ದಾಟಿತ್ತು. ಪಾದಕ್ಕೆ ತಿಕ್ಕತೊಡಗಿದ ಮೇಲಿನ ಹದಿನಾಲ್ಕರಲ್ಲಿ ಐದು. ರಾತ್ರಿ ಮೂರು ಸಲ ಏಳುವುದು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ; ಅದು ನಿದ್ದೆಗೆ ಸೇರಿದ್ದಲ್ಲ, ವಯಸ್ಸಿಗೆ ಸೇರಿದ್ದು. ಇದನ್ನು ವಿಜ್ಞಾನ ಎನ್ನಲು ಬರುವುದಿಲ್ಲ. ಅದೇ ದಿನಗಳಲ್ಲಿ ಸಂಜೆಯ ಕಾಫಿ ನಿಂತಿತ್ತು, ಮಧ್ಯಾಹ್ನದ ನಿದ್ದೆಗೆ ಕತ್ತರಿ ಬಿದ್ದಿತ್ತು, ಬಚ್ಚಲ ದಾರಿಗೆ ಸಣ್ಣ ದೀಪ ಬಂದಿತ್ತು. ಜಪಾನಿನ ಕಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಿನಲೂಲ್ ಮೂಸಿದ ಇಲಿಗಳ ಅಂಜಿಕೆ ಇಳಿಯಿತು, ಮೂಸುವ ಶಕ್ತಿ ಇಲ್ಲದ ಇಲಿಗಳಲ್ಲಿ ಇಳಿಯಲಿಲ್ಲ. ವಾಸನೆಗೆ ಕೆಲಸವಿದೆ ಎಂದು ಇದರಿಂದ ನಂಬಬಹುದು. ಆದರೆ ಇಲಿಗಳ ಪಾದವನ್ನು ಯಾರೂ ಅರ್ಧ ಗಂಟೆ ತಿಕ್ಕುತ್ತ ಕೂತಿರಲಿಲ್ಲವಲ್ಲ.

ಆ ಅರ್ಧ ಗಂಟೆಯಲ್ಲೇ ಒಂದು ರಾತ್ರಿ ಅಮ್ಮ, "ನನ್ನ ಊರಿಗೆ ಕಳಿಸಿಬಿಡ್ರೋ, ಅಲ್ಲಿ ನಿದ್ದೆ ಬರುತ್ತೆ" ಅಂದರು. ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಬ್ಬರನ್ನೇ ಅಲ್ಲಿ ಬಿಡಲಾಗದು, ಇಲ್ಲಿನ ನೌಕರಿ ಬಿಡಲಾಗದು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಈ ಮಾತು ಬಂದಿರುತ್ತದೆ, ಉತ್ತರ ನಿಮಗೂ ಸುಲಭವಾಗಿ ಹೊಳೆದಿರಲಾರದು.

2025ರ ಯುಗಾದಿಗೆ ರಜೆ ಹಾಕಿ ಕರೆದುಕೊಂಡು ಹೋದೆವು. ಬೀಗ ತೆಗೆದು, ಧೂಳು ಹೊಡೆದು, ಅಮ್ಮ ತಮ್ಮ ಕೋಣೆಯಲ್ಲೇ ಮಲಗಿದರು. ಎದುರಿಗೆ ಅಪ್ಪನ ಮಂಚ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಐದನೆಯ ದಿನ ಅವರೇ, "ಆ ಸೀಸೆ ತಂದಿದೀಯೇನೇ?" ಎಂದು ಸೊಸೆಯನ್ನು ಕೇಳಿದರು. ತಂದಿದ್ದಳು. ಮಂಚವನ್ನು ತಮ್ಮನ ಮನೆಗೆ ಸಾಗಿಸಿದ್ದೂ ಅಮ್ಮ ಹೇಳಿದ ಮೇಲೆಯೇ. ಹದಿನೈದು ದಿನವಿದ್ದು, ಮತ್ತೆ ನಮ್ಮ ಜೊತೆ ನಿಜಾಮುದ್ದೀನಿಗೆ ಬಂದಿಳಿದರು. ಮನೆ ಮಾರುವ ಮಾತನ್ನು ಯಾರೂ ಎತ್ತಿಲ್ಲ. ಪ್ರತಿ ಯುಗಾದಿಗೆ ಬಾಗಿಲು ತೆಗೆಯುವುದೆಂದು ಸದ್ಯಕ್ಕೆ ಆಗಿದೆ.

ಗುಳಿಗೆ ಈಗ ಕಾಲುಭಾಗಕ್ಕೆ ಬಂದಿದೆ. ಅದನ್ನು ಬ್ಲೇಡಿನಿಂದ ಕತ್ತರಿಸುವ ಕೆಲಸ ನಮ್ಮದು. ಪಾದ ತಿಕ್ಕುವುದರಲ್ಲಿ ಮಗಳೂ ಸರದಿ ಹಿಡಿದಿದ್ದಾಳೆ. ಅಜ್ಜಿಯಿಂದ ಕನ್ನಡದ ಒಗಟು ಕೇಳುವ ಆಸೆಗೆ. ಅವಳ ಸರದಿಯ ರಾತ್ರಿ ಮಾತ್ರ ಡೈರಿಯಲ್ಲಿ ಹನ್ನೆರಡು ದಾಟುತ್ತಲೇ ಇದೆ.