ಒಕ್ಕಲೆದ್ದ ಊರಿನ ತೋಟ

ಕಾರ್ಡಿಫ್‌ನಿಂದ ಸ್ವಾನ್ಸಿಗೆ ಹೋಗುವ ರೈಲಿನಲ್ಲಿ ಪೋರ್ಟ್ ಟಾಲ್ಬಟ್ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿದೆ. ಮಾರ್ಗಮ್ ಎಸ್ಟೇಟ್ ಅಲ್ಲಿಗೆ ಹತ್ತಿರ. ಗೇಟು ದಾಟಿದರೆ ಹುಲ್ಲುಗಾವಲು, ಜಿಂಕೆಗಳ ಹಿಂಡು, ಹಿಂದೆ ಕಾಡು ಕವಿದ ಗುಡ್ಡ. ಜನವಸತಿಯ ಗುರುತೇ ಇಲ್ಲ. ಇಷ್ಟು ಒಳ್ಳೆಯ ನೆಲದಲ್ಲಿ ಊರೇಕಿಲ್ಲ ಎಂದು ಆಗಲೇ ಅನ್ನಿಸಿತು.

ಗ್ಲಾಸ್ಟರಿನ ಅರ್ಲ್ ರಾಬರ್ಟ್ 1147ರಲ್ಲಿ ಸಿಸ್ಟರ್ಷಿಯನ್ ಸನ್ಯಾಸಿಗಳಿಗೆ ಕೊಟ್ಟ ನೆಲವಿದು. ಫ್ರಾನ್ಸಿನ ಕ್ಲೇರ್ವೋ ಮಠದಿಂದ ಬಂದವರು ಇಲ್ಲಿ ನೆಲೆಯೂರಿದರು. 1188ರಲ್ಲಿ ಈ ದಾರಿಯಾಗಿ ಹೋದ ಜೆರಾಲ್ಡ್ ಆಫ್ ವೇಲ್ಸ್, ಸನ್ಯಾಸಿಗಳನ್ನು ಅಷ್ಟು ಸುಲಭಕ್ಕೆ ಹೊಗಳುವವನಲ್ಲ. ಅವನೂ ಮಾರ್ಗಮ್ಮಿನ ದಾನಧರ್ಮವನ್ನು ಮೆಚ್ಚಿ ಬರೆದ. 1536ರಲ್ಲಿ ದೊರೆ ಎಂಟನೆಯ ಹೆನ್ರಿ ಮಠ ಮುಚ್ಚಿಸಿದ. ಸರ್ ರೈಸ್ ಮ್ಯಾನ್ಸೆಲ್ ಆಸ್ತಿಯನ್ನು ಕೊಂಡುಕೊಂಡ. ಚರ್ಚಿನ ಒಂದು ಭಾಗ ಇಂದಿಗೂ ಊರವರ ಪ್ರಾರ್ಥನೆಗೆ ಉಳಿದಿದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಸನ್ಯಾಸಿಗಳ ಸಭಾಮಂಟಪದಲ್ಲಿ. ಹೊರಗಿನಿಂದ ಹನ್ನೆರಡು ಮುಖ, ಒಳಗೆ ಹೋದರೆ ಪೂರ್ತಿ ವೃತ್ತ. ದಿನವೂ ಮಠದ ನಿಯಮದ ಒಂದು ಅಧ್ಯಾಯ ಓದಿಸಿ, ತಪ್ಪು ಒಪ್ಪು ವಿಚಾರಿಸುತ್ತಿದ್ದ ಜಾಗ. ಮಠ ಮುಚ್ಚಿ ಎರಡೂವರೆ ಶತಮಾನ ತಡೆದುಕೊಂಡ ಅದರ ಕಮಾನು ಚಾವಣಿ 1799ರಲ್ಲಿ ಕುಸಿಯಿತು. ಈಗ ತಲೆಯ ಮೇಲೆ ಬರೀ ಆಕಾಶ.

ಚಾವಣಿಯನ್ನು ಉಳಿಸಿಕೊಳ್ಳಲು ಆಸ್ತಿಯ ಯಜಮಾನನಿಗೆ ಆಗ ದುಡ್ಡಿನ ಮುಗ್ಗಟ್ಟೇನೂ ಇರಲಿಲ್ಲ. ಕೂಗಳತೆಯಲ್ಲೇ ಇರುವ ಕಿತ್ತಳೆ ಮಂದಿರ ಅದಕ್ಕೆ ಸಾಕ್ಷಿ. 327 ಅಡಿ ಉದ್ದದ ಈ ಕಟ್ಟಡಕ್ಕೆ ಬ್ರಿಟನ್ನಿನಲ್ಲೇ ಅತಿ ಉದ್ದದ್ದೆಂಬ ಹೆಸರು. ಥಾಮಸ್ ಮ್ಯಾನ್ಸೆಲ್ ಟಾಲ್ಬಟ್ ಹಿರಿಯರ ಹಳೆಯ ಮನೆಯನ್ನು ಕೆಡವಿಸಿ, ಆಂಥನಿ ಕೆಕ್ ಎಂಬ ವಾಸ್ತುಶಿಲ್ಪಿಯಿಂದ 1790ರ ಸುಮಾರಿಗೆ ಇದನ್ನು ಕಟ್ಟಿಸಿದ. ಚಳಿಗಾಲದಲ್ಲಿ ಕಿತ್ತಳೆ, ನಿಂಬೆ ಗಿಡಗಳು ಒಳಗೆ, ಬೇಸಿಗೆಯಲ್ಲಿ ಹೊರಗೆ. ಮಾಲೀಕ ಮಾತ್ರ ಪೆನ್ರೈಸ್ ಎಂಬ ಬೇರೆ ಊರಿನಲ್ಲಿ ವಾಸ! ಗಿಡಗಳಿಗೆ ಅರಮನೆ, ಮನುಷ್ಯರಿಗೆ ಮನೆಯೇ ಇಲ್ಲ.

ಆ ಕೊರತೆಯನ್ನು ಅವನ ಮಗ ಕ್ರಿಸ್ಟೊಫರ್ ನೀಗಿದ. 1830ರ ದಶಕದಲ್ಲಿ ಗುಡ್ಡದ ಬುಡದಲ್ಲಿ ಎದ್ದ ಕೋಟೆಯಂಥ ಬಂಗಲೆ ಅವನದೇ. ಅರವತ್ತು ವರ್ಷ ಪಾರ್ಲಿಮೆಂಟಿನಲ್ಲಿ ಕೂತವನು. ಪೋರ್ಟ್ ಟಾಲ್ಬಟ್ ಪಟ್ಟಣಕ್ಕೆ ಇವನ ಮನೆತನದ್ದೇ ಹೆಸರು. ಫೋಟೋಗ್ರಫಿಯ ಮೂಲಪುರುಷರಲ್ಲೊಬ್ಬನಾದ ಹೆನ್ರಿ ಫಾಕ್ಸ್ ಟಾಲ್ಬಟ್ ಇವನ ದೊಡ್ಡಮ್ಮನ ಮಗ. 1841ರ ಮಾರ್ಚ್ 9ರಂದು ಕ್ಯಾಲ್ವರ್ಟ್ ಜೋನ್ಸ್ ಎಂಬವನು ತೆಗೆದ ಈ ಬಂಗಲೆಯ ಚಿತ್ರವೇ ವೇಲ್ಸಿನಲ್ಲಿ ದಿನಾಂಕ ಸಿಕ್ಕಿರುವ ಮೊದಲ ಫೋಟೋ. 1977ರಲ್ಲಿ ಬೆಂಕಿ ಬಿದ್ದು ಬಂಗಲೆಯ ಒಳಗೆಲ್ಲ ಸುಟ್ಟುಹೋಯಿತು.

ಪಕ್ಕದ ಕಲ್ಲುಗಳ ಮ್ಯೂಸಿಯಂನಲ್ಲಿ ಮಠಕ್ಕಿಂತ ಹಳೆಯ ಯಜಮಾನರಿದ್ದಾರೆ. ಬೋಡ್ವೋಕ್ ಎಂಬವನ ಸಮಾಧಿಕಲ್ಲು ಲ್ಯಾಟಿನ್ನಿನಲ್ಲಿ ಅಪ್ಪನ, ಮುತ್ತಜ್ಜನ ಹೆಸರು ಹೇಳುತ್ತದೆ. ಕಾನ್‌ಬೆಲಿನ್ ಶಿಲುಬೆಯ ತಲೆ ದೊಡ್ಡ ದುಂಡು ಕಲ್ಲು. ಬಳ್ಳಿ ಹೆಣೆದಂತೆ ಕೆತ್ತನೆ. ಕೂತು ನೋಡಿದರೆ ಪೀಠದಲ್ಲಿ ಕುದುರೆ ಏರಿದ ಬೇಟೆಗಾರರು. ನಮ್ಮೂರ ವೀರಗಲ್ಲುಗಳ ಕೆಳಪಟ್ಟಿ ನೋಡಿದ ಹಾಗಾಯಿತು.

ಚಹಾ ಕೊಟ್ಟ ಹೆಂಗಸು ನನ್ನ ಮುಖ ನೋಡಿ, "ಟಾಟಾದವರಾ?" ಎಂದು ಕೇಳಿದರು. ಅಲ್ಲವೆಂದೆ. ಸಮುದ್ರದ ಕಡೆಗಿರುವ ಉಕ್ಕಿನ ಕಾರ್ಖಾನೆಗೆ ಮಠದ ನೆನಪಿನಲ್ಲೇ ಆ್ಯಬಿ ವರ್ಕ್ಸ್ ಎಂದು ಹೆಸರಿಟ್ಟಿದ್ದರು. 2007ರಿಂದ ಅದು ಟಾಟಾ ಒಡೆತನದಲ್ಲಿದೆ. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಊದುಕುಲುಮೆ ಆರಿತು. ಊರಲ್ಲಿ ಭಾರತೀಯರನ್ನು ಕಂಡರೆ ಆ ಪ್ರಶ್ನೆ ಬರುವುದು ಸಹಜ.

ಊರಿಲ್ಲದ ಕಾರಣವನ್ನೂ ಅವರೇ ಹೇಳಿದರು. ಮಠದ ಸುತ್ತ ಊರಿತ್ತು. ಬಂಗಲೆಯೇಳುವ ಕಾಲಕ್ಕೆ ಕ್ರಿಸ್ಟೊಫರ್ ಅದನ್ನು ತೆಗೆಸಿ, ಜನರಿಗೆ ಗ್ರೋಸ್ ಎಂಬ ಹೊಸ ಹಳ್ಳಿ ಕಟ್ಟಿಸಿಕೊಟ್ಟ. 1976ರಲ್ಲಿ ಎಂ4 ಹೆದ್ದಾರಿಗೆಂದು ಆ ಹಳ್ಳಿಯನ್ನೂ ಕೆಡವಿದರು. ಎಂಟು ಮೂಲೆಯ ಬ್ಯೂಲಾ ಚಾಪೆಲನ್ನು ಮಾತ್ರ ಕಲ್ಲು ಕಲ್ಲಾಗಿ ಬಿಚ್ಚಿ ಟೋಲ್‌ಗೇಟ್ ಪಾರ್ಕಿನಲ್ಲಿ ಮತ್ತೆ ಕಟ್ಟಿದ್ದಾರೆ. ಎಸ್ಟೇಟ್ ನೋಡಲು ಹೋಗುವವರು ಅದನ್ನೂ ಕೇಳಿಕೊಂಡು ಹೋಗಿ ನೋಡಬೇಕು. ಎಸ್ಟೇಟಿನ ನಕ್ಷೆಯಾಚೆಗಿನ ಜಾಗವದು.