ಹಾಲಿಲ್ಲದ ಹಾಲೆ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕಷಾಯ ಕುಡಿಯುವುದು ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ತುಳುವಿನಲ್ಲಿ ಇದಕ್ಕೆ ಪಾಲೆ ಎನ್ನುತ್ತಾರೆ. ನಸುಕಿಗೆ ಮುನ್ನ ಮರದ ಬಳಿ ಹೋಗಬೇಕು. ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿಯೇ ತೊಗಟೆ ತೆಗೆಯಬೇಕು. ಅದನ್ನು ಅರೆದು ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು 'ಚುಂಯ್' ಎನ್ನುವಂತೆ ಅದರೊಳಗೆ ಬಿಟ್ಟರೆ ಕಷಾಯ ಸಿದ್ಧ. ಮೇಲಿಂದ ಮೆಂತೆ ಗಂಜಿ ಉಣ್ಣದಿದ್ದರೆ ಮಧ್ಯಾಹ್ನದವರೆಗೂ ನಾಲಗೆ ನಮ್ಮದಲ್ಲ!

1996ರಲ್ಲಿ ನಾನು ಬಿ.ಎಡ್. ಮುಗಿಸಿ ಹೊಸದಾಗಿ ಮೇಷ್ಟ್ರಾಗಿದ್ದೆ. ಅಜ್ಜ ಹಾಸಿಗೆ ಹಿಡಿದಿದ್ದರಿಂದ ತೊಗಟೆ ತರುವ ಕೆಲಸ ನನ್ನ ಪಾಲಿಗೆ ಬಂತು. "ಹಗಲಲ್ಲೇ ಹೋಗಿ ಮರ ನೋಡಿ, ಬಳ್ಳಿ ಕಟ್ಟಿ ಬಾ" ಎಂದರು ಅಜ್ಜ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವನಿಗೆ ಬಳ್ಳಿ ಯಾಕೆ? ಹೋಗಲಿಲ್ಲ. ಮರುದಿನ ಜಡಿಮಳೆ, ಕತ್ತಲೆ, ಟಾರ್ಚಿನ ಸೆಲ್ಲು ಮುಗಿಯುತ್ತಾ ಬಂದಿತ್ತು. ಹೇಗೋ ತೊಗಟೆ ಜಜ್ಜಿ ತಂದೆ. ಅಮ್ಮ ಒಂದು ಚೂರು ಕೈಗೆತ್ತಿಕೊಂಡು ದೀಪದ ಬಳಿ ಹಿಡಿದರು.

"ಹಾಲೆಲ್ಲಿ ಮಾರಾಯ? ಕೈಗೆ ಅಂಟೇ ಇಲ್ಲವಲ್ಲ!"

ಆ ವರ್ಷ ನಮ್ಮ ಮನೆಯಲ್ಲಿ ಕಷಾಯವಾಗಲಿಲ್ಲ. ಬೆಳಕು ಹರಿದ ಮೇಲೆ ಹೋಗಿ ನೋಡಿದರೆ ನಾನು ಜಜ್ಜಿದ್ದು ಕಾಸರಕದ ಮರ! ಬ್ರೂಸಿನ್, ಸ್ಟ್ರಿಕ್ನಿನ್ ಎಂಬ ವಿಷಗಳಿರುವ ಮರವದು. ಸ್ಟ್ರಿಕ್ನಿನ್ ಹೊಟ್ಟೆಗೆ ಹೋದರೆ ಸ್ನಾಯುಗಳು ಸೆಟೆದು ಉಸಿರೇ ನಿಲ್ಲಬಹುದು. ಕಷಾಯಕ್ಕೆ ಕಾದು ಕುಳಿತವರು ಏಳು ಮಂದಿ. ಅವರಲ್ಲಿ ಇಬ್ಬರು ಮಕ್ಕಳು.

ಹಗಲಲ್ಲಿ ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ ನಾಲ್ಕರಿಂದ ಏಳರಷ್ಟು ಕೊಡೆಯಂತೆ ಹರಡಿರುತ್ತವೆ. ಸಪ್ತಪರ್ಣಿ ಎಂಬ ಹೆಸರು ಬಂದದ್ದೇ ಹಾಗೆ. ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಬುಡದಿಂದಲೇ ಮೂರು ಅಥವಾ ಐದು ನರಗಳು ಹೊರಡುತ್ತವೆ. ಹಾಲು ಇಲ್ಲ. ಹಾಲೆಯ ವೈಜ್ಞಾನಿಕ ಹೆಸರು ಆಲ್ಸ್ಟೋನಿಯಾ ಸ್ಕಾಲರಿಸ್. ಹಿಂದೆ ಇದರ ಹಲಗೆಯಿಂದ ಶಾಲಾಮಕ್ಕಳಿಗೆ ಬರೆಯುವ ಪಾಟಿ ಮಾಡುತ್ತಿದ್ದುದರಿಂದ 'ಸ್ಕಾಲರಿಸ್'. ಮೇಷ್ಟ್ರಿಗೇ ಪಾಠ ಕಲಿಸಿದ ಮರಕ್ಕೆ ತಕ್ಕ ಹೆಸರು!

ಕೆಲವು ವರ್ಷಗಳ ನಂತರ ಹೋಮಿಯೋಪಥಿ ವೈದ್ಯ ಮಿತ್ರರೊಬ್ಬರ ಕಪಾಟಿನಲ್ಲಿ ಎರಡು ಬಾಟಲಿಗಳನ್ನು ನೋಡಿದೆ. ಒಂದು ಹಾಲೆಯ ತೊಗಟೆಯಿಂದ ಮಾಡಿದ ಆಲ್ಸ್ಟೋನಿಯಾ. ಚಳಿಜ್ವರ, ಭೇದಿ, ನಿತ್ರಾಣಗಳಿಗೆ ಕೊಡುತ್ತಾರಂತೆ. ಇನ್ನೊಂದು ಕಾಸರಕದ ಬೀಜದ ನಕ್ಸ್ ವಾಮಿಕಾ. ನನ್ನ ಬೆನ್ನಿನಲ್ಲಿ ಚಳಿ ಹುಟ್ಟಿತು. ಮಿತ್ರರು ನಕ್ಕು, "ಇದು ಮೂವತ್ತನೇ ಪೊಟೆನ್ಸಿ, ಹೆದರಬೇಡಿ ಸಾರ್" ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುಗೊಳಿಸಿದರೆ ಒಂದರ ಮುಂದೆ 60 ಸೊನ್ನೆ. ಅವೊಗಾಡ್ರೊ ಸಂಖ್ಯೆಯಲ್ಲಿ ಆರರ ಮುಂದೆ 23 ಸೊನ್ನೆ ಮಾತ್ರ. ಅಂದರೆ ಸುಮಾರು ಹನ್ನೆರಡನೇ ಸಲಕ್ಕೇ ಮೂಲವಸ್ತುವಿನ ಅಣುಗಳು ಮುಗಿದಿರುತ್ತವೆ. ಆ ಗುಳಿಗೆಯಲ್ಲಿ ಕಾಸರಕವೂ ಇಲ್ಲ, ಹಾಲೆಯೂ ಇಲ್ಲ. ಮಿತ್ರರಿಗೆ ಹೇಳಿದೆ, ಅವರು ಒಪ್ಪಲಿಲ್ಲ. ಸ್ನೇಹವೇನೂ ಕೆಡಲಿಲ್ಲ.

ಆದರೆ ಕಷಾಯದ ಲೋಟದಲ್ಲಿ ಮರ ಇದ್ದೇ ಇದೆ. ಹಾಲೆಯ ತೊಗಟೆಯಲ್ಲಿ ಎಕಿಟಮಿನ್‌ನಂಥ ಕ್ಷಾರಕಗಳಿವೆ. ಆದ್ದರಿಂದಲೇ ಮರವೂ ಅದೇ ಆಗಿರಬೇಕು, ಪ್ರಮಾಣವೂ ಮಿತವಾಗಿರಬೇಕು. ಕಹಿಯಾದದ್ದೆಲ್ಲ ಮದ್ದಲ್ಲ. ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಬೇಕೇ ಹೊರತು ಕಷಾಯವನ್ನೋ ಗುಳಿಗೆಯನ್ನೋ ನಂಬಿ ಕೂರಬಾರದು.

ಅಜ್ಜ ಈಗಿಲ್ಲ, ಅಮ್ಮನೂ ಇಲ್ಲ. ಅಮಾವಾಸ್ಯೆಯ ಹಿಂದಿನ ದಿನ ನಾನು ಹಗಲಲ್ಲೇ ಹೋಗಿ ಎಲೆ ಎಣಿಸಿ, ಹಾಲು ನೋಡಿ, ಮರಕ್ಕೆ ಬಳ್ಳಿ ಕಟ್ಟಿ ಬರುತ್ತೇನೆ.